ಆತಿಕಾ ಕಂಡ ಆರು ಸ್ಲೈಡು

ಸಕಲೇಶಪುರದ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಇರುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಆತಿಕಾ ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ಅವಳ ಕೈ ಎಷ್ಟು ಹಗುರವೆಂದರೆ, ಯಸಳೂರಿನಿಂದ ಬಸ್ಸು ಹತ್ತಿ ಬಂದವರೂ ಅವಳು ಊಟ ಮುಗಿಸಿ ಬರುವವರೆಗೆ ಕಾದು ಕೂರುತ್ತಿದ್ದರು. ಆದರೆ ಅವಳು ಬಾಯಿ ತುಂಬ ನಕ್ಕಿದ್ದನ್ನು ಕಂಡವರು ಕಡಿಮೆ. ಹಸುಗೂಸಾಗಿದ್ದಾಗಿನಿಂದಲೂ ಅವಳ ನಾಲಿಗೆಗೆ, ಕೆನ್ನೆಯ ಒಳಬದಿಗೆ ಒಡೆದ ಹಾಲಿನಂಥ ಬಿಳಿ ಪೊರೆ ಮೆತ್ತಿಕೊಳ್ಳುತ್ತಿತ್ತು. ಮಾತ್ರೆ ನುಂಗಿದರೆ ಹೋಗುತ್ತಿತ್ತು, ಬಿಟ್ಟ ಹದಿನೈದು ದಿನಕ್ಕೆ ಮತ್ತೆ ಹಾಜರು.

"ಬಾಯಿ ಸರ್ಯಾಗಿ ತೊಳ್ಕೊಳಮ್ಮ" ಎಂದು ಹೇಳದ ಡಾಕ್ಟರಿಲ್ಲ, ನೆಂಟರಿಲ್ಲ. ದಿನಕ್ಕೆ ಮೂರು ಸಲ ಉಜ್ಜುತ್ತಿದ್ದ ಅವಳು ಆ ಮಾತು ಕೇಳಿದ ದಿನ ನಾಲ್ಕನೇ ಸಲವೂ ಉಜ್ಜುತ್ತಿದ್ದಳು. ಅದು ಫಂಗಸ್ ಎಂಬುದು ಅವಳಿಗೆ ಗೊತ್ತಿತ್ತು. ಸಕ್ಕರೆ ಕಾಯಿಲೆ, ಎಚ್‌ಐವಿ, ಬಿಳಿ ರಕ್ತಕಣದ ಲೆಕ್ಕ, ಎಲ್ಲವನ್ನೂ ತನ್ನದೇ ರಕ್ತ ತೆಗೆದು ನೋಡಿಕೊಂಡಿದ್ದಳು. ಎಲ್ಲ ಸರಿಯಾಗಿತ್ತು. ಹಾಗಾದರೆ ಯಾಕೆ? ಈ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿರಲಿಲ್ಲ.

ಹೋದ ವರ್ಷ ಬೆಳಗೋಡಿನಲ್ಲಿ ಆರೋಗ್ಯ ಶಿಬಿರ ನಡೆಯಿತು. ರಕ್ತ ತೆಗೆಯಲು ಆತಿಕಾ ಹೋಗಿದ್ದಳು. ಬೆಂಗಳೂರಿನಲ್ಲಿ ರೋಗನಿರೋಧಕ ಶಕ್ತಿಯ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರ್ ಚೈತ್ರಶ್ರೀ ಅದೇ ಊರಿನವರು, ಅವರೂ ಬಂದಿದ್ದರು. ಆತಿಕಾ ಗ್ಲೌಸ್ ಬದಲಿಸುವಾಗ ಅವರ ಕಣ್ಣು ಅವಳ ಬೆರಳಿನ ಮೇಲೆ ನಿಂತಿತು.

"ಉಗುರು ಯಾಕಮ್ಮ ಹಿಂಗೆ ದಪ್ಪಗಾಗಿದಾವೆ? ಬಾಯಲ್ಲೂ ಐತಾ?"

ಆತಿಕಾ ಬೆಚ್ಚಿದಳು. ಯಾರೂ ಎರಡನ್ನೂ ಸೇರಿಸಿ ಕೇಳಿರಲಿಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಹಿಂಗೇ ಇದೆಯಾ?"

ಇಲ್ಲ ಎನ್ನಲು ಹೋದವಳಿಗೆ ಅಪ್ಪನ ಕೈ ನೆನಪಾಯಿತು. ಅಪ್ಪ ನಸ್ರುಲ್ಲಾ ಶಿರಾಡಿ ಘಾಟಿಯಲ್ಲಿ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರ ಉಗುರುಗಳು ಹಳದಿಯಾಗಿ, ಪುಡಿಪುಡಿಯಾಗಿದ್ದವು. ಅದನ್ನು ಮನೆಯವರು ರೋಗವೆಂದು ಎಣಿಸಿರಲೇ ಇಲ್ಲ.

"ಗ್ರೀಸು, ಡೀಸೆಲ್ಲು ಮೇಡಂ" ಎಂದರು ನಸ್ರುಲ್ಲಾ, ಮರುವಾರ ಡಾಕ್ಟರ ಮುಂದೆ ಕೈ ಚಾಚಿ. "ಲಾರಿ ಓಡ್ಸೋನ ಉಗುರು ಇನ್ನೆಂಗಿರ್ತದೆ?"

ಇಬ್ಬರ ರಕ್ತವೂ ಬೆಂಗಳೂರಿಗೆ ಹೋಯಿತು. ಎರಡು ತಿಂಗಳ ಮೇಲೆ ಫೋನ್ ಬಂತು. ಇಬ್ಬರಿಗೂ ಒಂದೇ ಜೀನಿನಲ್ಲಿ, ಒಂದೇ ಜಾಗದಲ್ಲಿ, ಡಿಎನ್‌ಎಯ ಒಂದೇ ಅಕ್ಷರ ಬದಲಾಗಿತ್ತು. "ನೀನೇ ಬಂದು ನೋಡು" ಎಂದರು ಚೈತ್ರಶ್ರೀ. "ಮೈಕ್ರೋಸ್ಕೋಪ್ ಹಿಡ್ದೋಳು ನೀನು, ನಿಂಗೆ ಕಾಗದದ ಮೇಲೆ ಹೇಳೋದೇನು?"

ಅಪ್ಪ, ಮಗಳು ಬೆಳಗಿನ ರೈಲಿಗೇ ಹೊರಟರು. ಬೆಂಗಳೂರಿನ ಲ್ಯಾಬಿನಲ್ಲಿ, ಕತ್ತಲು ಮಾಡಿದ ಕೋಣೆಯಲ್ಲಿ ಆರು ಸ್ಲೈಡು ಸಿದ್ಧವಾಗಿದ್ದವು. ಮೂರು ಆತಿಕಾಳ ರಕ್ತದ್ದು, ಹೋಲಿಸಿ ನೋಡಲು ಮೂರು ಡಾಕ್ಟರದೇ ರಕ್ತದ್ದು.

"ಸೋಂಕು ತಗುಲಿದಾಗ ಮೈಯಲ್ಲಿ ಇಂಟರ್‌ಫೆರಾನ್ ಅನ್ನೋದು ಹುಟ್ಟಿ ಕಣಗಳಿಗೆ ಎಚ್ಚರಿಕೆ ಕೊಡುತ್ತೆ" ಎಂದು ಚೈತ್ರಶ್ರೀ ವಿವರಿಸಿದರು. "ಕಣದೊಳಗೆ ಸ್ಟ್ಯಾಟ್ ಒನ್ ಅಂತ ಒಂದು ಪ್ರೋಟೀನ್ ಐತೆ. ನಿಮ್ಮಿಬ್ಬರಲ್ಲಿ ಬದಲಾಗಿರೋದು ಅದನ್ನ ಮಾಡೋ ಜೀನೇ. ಎಚ್ಚರಿಕೆ ಬಂದ ತಕ್ಷಣ ಅದಕ್ಕೆ ಫಾಸ್ಫೇಟು ಅಂಟಿ, ಎರಡೆರಡು ಜೋಡಿಯಾಗುತ್ತೆ. ಆಗ ಇಂಪಾರ್ಟಿನ್ ಅನ್ನೋ ಇನ್ನೊಂದು ಪ್ರೋಟೀನ್ ಆ ಜೋಡೀನ ಹಿಡ್ಕೊಂಡು ಕೋಶಕೇಂದ್ರದ ರಂಧ್ರ ದಾಟಿಸುತ್ತೆ. ಒಳಗೆ ಹೋಗಿ ಜೀನುಗಳನ್ನ ಎಬ್ಬಿಸಿ, ಫಾಸ್ಫೇಟು ಕಳಚಿದ ಮೇಲೆ ಆಚೆ ಬರಬೇಕು. ಸ್ಟ್ಯಾಟ್‌ಗೆ ಹಸಿರು ಬಣ್ಣ ಕೊಟ್ಟಿದೀನಿ, ಕೋಶಕೇಂದ್ರಕ್ಕೆ ನೀಲಿ. ನೋಡು."

ಆತಿಕಾ ಕಣ್ಣಿಟ್ಟಳು. ಇಂಟರ್‌ಫೆರಾನ್ ಹಾಕುವ ಮೊದಲಿನ ಸ್ಲೈಡುಗಳಲ್ಲಿ ನೀಲಿ ಕೇಂದ್ರದ ಸುತ್ತ ಹಸಿರು ತೆಳ್ಳಗೆ ಹರಡಿತ್ತು. ಅರ್ಧ ಗಂಟೆಯ ನಂತರದವುಗಳಲ್ಲಿ ಹಸಿರೆಲ್ಲ ಒಳಗೆ ನುಗ್ಗಿ, ಇಬ್ಬರ ಕಣಗಳ ನಡುಭಾಗವೂ ಝಗಝಗ ಹೊಳೆಯುತ್ತಿತ್ತು. ನಾಲ್ಕು ಗಂಟೆಯ ನಂತರದ ಸ್ಲೈಡಿನಲ್ಲಿ ಡಾಕ್ಟರ ಕಣದ ಹಸಿರು ಆಚೆ ಬಂದು, ನೀಲಿ ಮತ್ತೆ ಕಾಣಿಸಿತ್ತು. ತನ್ನದನ್ನು ಇಟ್ಟಳು.

"ಆಚೇನೇ ಬಂದಿಲ್ಲ ಮೇಡಂ! ಇನ್ನೂ ಒಳಗೇ ಐತೆ!"

"ಅದೇ ಕಣಮ್ಮ. ಅದು ಒಳಗೇ ಕೂತು ಅತಿಯಾಗಿ ಕೆಲಸ ಮಾಡಿದ್ದಕ್ಕೆ, ಫಂಗಸ್ ತಡೆಯೋ ಬೇರೆ ಜಾತಿ ಕಣ ನಿನ್ನಲ್ಲಿ ಸಾಕಷ್ಟು ಬೆಳೆಯಲಿಲ್ಲ."

ಏಳು ವರ್ಷ ಕಣಗಳನ್ನು ಎಣಿಸಿದ್ದ ಆತಿಕಾ ಕಣದೊಳಗೆ ಹೀಗೆ ಹೋಗಿಬರುವುದೊಂದು ಇದೆಯೆಂದು ಕಂಡಿದ್ದು ಇದೇ ಮೊದಲು. "ಅಬ್ಬಾ, ಬನ್ನಿ, ನೋಡಿ" ಎಂದು ಅಪ್ಪನ ತೋಳು ಹಿಡಿದು ಎಳೆದಳು. ನಸ್ರುಲ್ಲಾ ನೋಡಿದರು. ಕಣ್ಣು ತೆಗೆದಾಗ ಮುಖ ಬಾಡಿತ್ತು.

"ನನ್ನಿಂದ ಬಂದದ್ದಾ ಇದು?"

"ನಿಮ್ಮಿಂದ ಬಂದಿದ್ದಕ್ಕೇ ಗೊತ್ತಾಗಿದ್ದು ಅಬ್ಬಾ! ನಾನು ಬಾಯಿ ತೊಳೀದೆ ಬಂದದ್ದಲ್ಲ. ಅಲ್ವಾ ಮೇಡಂ? ಅಲ್ವಾ?" ನಗುತ್ತಲೇ ಕೇಳಿದಳು, ಕೆನ್ನೆಯ ಮೇಲೆ ನೀರಿಳಿಯುತ್ತಿದ್ದುದು ಅವಳಿಗೇ ಗೊತ್ತಾಗಲಿಲ್ಲ.

ಸ್ಟ್ಯಾಟ್‌ಗೆ ಫಾಸ್ಫೇಟು ಅಂಟುವುದನ್ನೇ ಕಡಿಮೆ ಮಾಡುವ ಮಾತ್ರೆ ಇಬ್ಬರಿಗೂ ಶುರುವಾಯಿತು. ತಿಂಗಳು ತಿಂಗಳೂ ರಕ್ತ ನೋಡಿಸಬೇಕು, ಜ್ವರ ಬಂದರೆ ತಡಮಾಡಬಾರದು ಎಂದು ಚೈತ್ರಶ್ರೀ ಕಟ್ಟುನಿಟ್ಟಾಗಿ ಹೇಳಿದ್ದರು. ಎರಡನೇ ತಿಂಗಳಿಗೆ ಆತಿಕಾಳ ನಾಲಿಗೆ ಕೆಂಪಗಾಯಿತು.

ಮೊನ್ನೆ ಮಾರನಹಳ್ಳಿಯ ಹೋಟೆಲಿನಲ್ಲಿ ಅಪ್ಪ, ಮಗಳು ಚಹಾ ಕುಡಿಯುತ್ತಿದ್ದಾಗ ಹಳೆಯ ಡ್ರೈವರ್ ಧರ್ಮ ಎದುರಾದರು.

"ಏನ್ ಮಾರಾಯ, ಉಗುರು ಹೊಸ್ದಾಗ್ ಬತ್ತಾ ಐತೆ?"

ನಸ್ರುಲ್ಲಾ ಲೋಟ ಪಕ್ಕಕ್ಕಿಟ್ಟು ಹತ್ತು ಬೆರಳನ್ನೂ ಮೇಜಿನ ಮೇಲೆ ಹರಡಿದರು. "ಕೂತ್ಕೊ, ಹೇಳ್ತೀನಿ. ನಮ್ಮ ಕಣದೊಳಗೆ ಒಂದು ಸ್ಟಾರ್ಟರ್ ಐತೆ..."

"ಸ್ಟ್ಯಾಟ್ ಅಬ್ಬಾ, ಸ್ಟ್ಯಾಟ್!" ಎಂದು ಆತಿಕಾ ಗಟ್ಟಿಯಾಗಿ ನಕ್ಕಳು, ಕುರ್ಚಿ ಹತ್ತಿರ ಎಳೆದುಕೊಂಡಳು. "ನೀವು ಬಿಡಿ. ಧರ್ಮಣ್ಣ, ನಾನು ಹೇಳ್ತೀನಿ ಕೇಳಿ."