ಒಂಬತ್ತು ಕೇಜಿ ಸೈಕಲ್ಲು, ರಸ್ತೆ ತುಂಬ ಹುರುಳಿ

ಹಿರೇನಲ್ಲೂರಿನ ಆಚೆ, ಜಲ್ಲಿ ದಾರಿಗೆಂದೇ ಮಾಡಿದ ನನ್ನ ಗ್ರಾವೆಲ್ ಸೈಕಲ್ಲಿನಲ್ಲಿ ಗುಡ್ಡ ಇಳಿದು ಬಂದರೆ, ಹಳೆಯ ವೀರಗಲ್ಲಿನ ಪಕ್ಕ ರಸ್ತೆಯ ತುಂಬ ಹುರುಳಿ ಗಿಡ ಹರಡಿದ್ದರು. ಬಸ್ಸು, ಲಾರಿಗಳ ಚಕ್ರಕ್ಕೆ ಸಿಕ್ಕು ಕಾಳು ಉದುರಲಿ ಎಂದು. ನಾನು ಮರ್ಯಾದಸ್ಥನಂತೆ ಸೈಕಲ್ಲನ್ನು ಅಂಚಿಗೆ ಇಳಿಸಿದೆ.

"ಅಲ್ಲೆಲ್ಲಿ ಹೋಗ್ತೀಯಪ್ಪಾ? ಮ್ಯಾಲೇ ಹೋಗು!" ಮೊರ ಹಿಡಿದು ಕೂತಿದ್ದ ಅಜ್ಜಿ ಗದರಿದಳು. "ಬೆಳಗಿಂದ ಒಂದು ಗಾಡಿನೂ ಬಂದಿಲ್ಲ."

ಹೋದೆ, ತಿರುಗಿ ಬಂದೆ. ಅಜ್ಜಿ ಬಗ್ಗಿ ನೋಡಿದಳು. ನಾಲ್ಕು ಕಾಯಿ ಒಡೆದಿದ್ದವು.

"ಎಷ್ಟು ತೂಕ ಐತೆ ಇದು?"

"ಒಂಬತ್ತೇ ಕೇಜಿ ಅಜ್ಜಿ," ಎಂದೆ. ಇದನ್ನು ಕೇಳಿ ಹೊಗಳದ ಗೆಳೆಯರಿಲ್ಲ.

"ಅಯ್ಯೋ ಪಾಪ. ನೀನು?"

"ಎಂಬತ್ತೆಂಟು."

ಅಜ್ಜಿಯ ಮುಖ ಅರಳಿತು. "ಹಂಗಾದ್ರೆ ಇಳಿ. ನೀನೇ ತುಳಿ."

ಸೈಕಲ್ಲನ್ನು ವೀರಗಲ್ಲಿನ ಪಕ್ಕದ ಬೇವಿನ ಮರಕ್ಕೆ ಒರಗಿಸಿ ಹುರುಳಿಯ ಮೇಲೆ ಕಾಲಿಟ್ಟೆ.

"ಏಯ್, ಬೂಟು ಬಿಚ್ಚಪ್ಪಾ! ತಿನ್ನೋ ಕಾಳು ಕಣೋ ಅದು!"

ಲಾರಿಯ ಚಕ್ರಕ್ಕಿಲ್ಲದ ಮೈಲಿಗೆ ನನ್ನ ಬೂಟಿಗೆ ಹೇಗೆ ಬಂತು ಎಂದು ಕೇಳುವ ಧೈರ್ಯ ಆಗಲಿಲ್ಲ. ತಲೆಗೆ ಹೆಲ್ಮೆಟ್, ಕೆಳಗೆ ಬರಿಗಾಲು, ತುಳಿಯತೊಡಗಿದೆ. ಆ ಅಂಗಾಲಿನ ಉರಿ ಇದನ್ನು ಬರೆಯುವಾಗಲೂ ಇದೆ.

ಅಷ್ಟರಲ್ಲಿ, ಅಜ್ಜಿ ಬೆಳಗಿನಿಂದ ಕಾದಿದ್ದ ಕಡೂರಿನ ಬಸ್ಸು ಬಂತು. ರಸ್ತೆಯ ನಡುವೆ ನಾನಿದ್ದೆನಲ್ಲ, ಡ್ರೈವರ್ ಬಸ್ಸನ್ನು ಜೋಪಾನವಾಗಿ ಅಂಚಿಗೆ ಇಳಿಸಿ, ಒಂದು ಕಾಯಿಯನ್ನೂ ತುಳಿಯದೆ ದಾಟಿಸಿಕೊಂಡು ಹೋದ.

ಅಜ್ಜಿ ಬೈದದ್ದು ಅವನನ್ನಲ್ಲ.