ಅಕ್ಕನ ಕೈ ಮತ್ತು ಮುಟ್ಟಿದರೆ ಮುನಿ

ನಾನು ಚಿಕ್ಕವನಿದ್ದಾಗ ಇಳಕಲ್ಲಿನ ನಮ್ಮ ಮನೆಯಲ್ಲಿ, ಮಗ್ಗದ ಪಕ್ಕದ ಕಿಟಕಿಯಲ್ಲಿ, ಒಂದು ಹಳೆಯ ಎಣ್ಣೆ ಡಬ್ಬಿ ಇತ್ತು. ಅದರೊಳಗೆ ಅಕ್ಕ ಮುಟ್ಟಿದರೆ ಮುನಿ ಗಿಡ ಬೆಳೆಸಿದ್ದಳು. ಬೀಜವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಕರಿಮಣ್ಣಿಗೆ ಹಳ್ಳದ ಉಸುಕು ಬೆರೆಸಿ, ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು ಊರಿದ್ದಳು. ಬೇಸಿಗೆಯಲ್ಲಿ ಡಬ್ಬಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಅಪ್ಪ ನೇಯಲು ಶುರುಮಾಡಿದರೆ ಮಗ್ಗದ ಬಡಿತಕ್ಕೆ ನೆಲ ನಡುಗಿ ಎಲೆಗಳೆಲ್ಲ ಮುದುಡುತ್ತಿದ್ದವು. ಬಡಿತ ನಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಅವಕ್ಕೂ ರೂಢಿಯಾಗಿ ತೆರೆದುಕೊಳ್ಳುತ್ತಿದ್ದವು. ನನಗೆ ಮಾತ್ರ ಅಕ್ಕನ ಕಟ್ಟಪ್ಪಣೆ: “ದಿನಕ್ಕ ಒಂದ ಸಲ ಮುಟ್ಟು ತಮ್ಮಾ. ಸುಮ್ ಸುಮ್ನ ಮುಟ್ಟಿದ್ರ ಸೊರಗತೈತಿ.”

ಸೀರೆಯ ಮೈಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ನಮ್ಮೂರಿನ ಕಸುಬು. ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದು. ಅಷ್ಟು ಸಣ್ಣ ಎಳೆಯನ್ನು ಕಣ್ಣಿಗಿಂತ ಮೊದಲು ಬೆರಳು ಹುಡುಕಬೇಕು.

ಒಂದು ಮುಂಜಾನೆ ಅಕ್ಕ ಒಣಗಿದ ಎಲೆ ಕೀಳಲು ಗಿಡದೊಳಗೆ ಕೈ ಹಾಕಿದಳು. ಎಲೆಗಳು ಸರಸರನೆ ಮುಚ್ಚಿದವು. ಕೈ ಹೊರಗೆ ಬಂದಾಗ ಕಿರುಬೆರಳಲ್ಲಿ ಎರಡು ಮುಳ್ಳು ನೆಟ್ಟಿದ್ದವು. ರಕ್ತ ಸೋರಿ ಬಳೆಯವರೆಗೆ ಇಳಿದಿತ್ತು. ಅವಳು ಏನೋ ಗುನುಗುತ್ತಲೇ ಇದ್ದಳು.

“ಅಕ್ಕಾ, ರಕ್ತ!”

“ಎಲ್ಲಿ?” ಎಂದು ಅವಳು ಇನ್ನೊಂದು ಕೈ ನೋಡಿಕೊಂಡಳು.

ಅಪ್ಪ ಮಗ್ಗದಲ್ಲಿ ಕುಳಿತೇ ನಕ್ಕ. “ನೇಕಾರ್ರ ಕೈ ಅಂದ್ರ ಹಿಂಗಿರಬೇಕಲೇ! ಎಳಿ ಎಳದು ಎಳದು ಬಟ್ಟು ಕಲ್ಲಾಗಬೇಕು. ನಿನ್ನವು ನೋಡಿಕೋ, ಬೆಣ್ಣಿ!”

ಅಕ್ಕನ ಮೊಣಕೈ ಕೆಳಗೆ ಬಿಳಿಚಿಕೊಂಡ ಒಂದು ಮಚ್ಚೆ ಇತ್ತು. ಅದು ನೂಲಿಗೆ ಬಣ್ಣ ಹಾಕುವಾಗ ಸೋಡಾ ತಾಗಿ ಆದದ್ದು ಎಂದು ಅಪ್ಪ ಹಿಂದೆಯೇ ಹೇಳಿದ್ದ. ನಮ್ಮ ಓಣಿಯಲ್ಲಿ ಅಂಥ ಕಲೆ ಯಾರಿಗಿರಲಿಲ್ಲ? ಅಕ್ಕನೂ ಹೆಮ್ಮೆಯಿಂದ ನಕ್ಕು ಮುಳ್ಳು ಕಿತ್ತೆಸೆದಳು.

ಮಧ್ಯಾಹ್ನ ಅಪ್ಪ ನೂಲು ತರಲು ಪೇಟೆಗೆ ಹೋದ. ಅಕ್ಕ ಕೊಂಡಿ ಹಾಕುತ್ತ ಕುಳಿತಳು. ಎಳೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಆಮೇಲೆ ನನ್ನನ್ನು ಕರೆದು, ಕಣ್ಣು ಮುಚ್ಚಿ ಕೈ ಚಾಚಿದಳು.

“ಈ ನೂಲಿನ ತುದಿಲೆ ಒಂದೊಂದ ಬಟ್ಟು ಮುಟ್ಟು. ಯಾವ್ದಂತ ನಾ ಹೇಳತೀನಿ.”

ನನಗೆ ಆಟ ಎನಿಸಿತು. ಹೆಬ್ಬೆರಳು ಸರಿಯಾಗಿ ಹೇಳಿದಳು. ತೋರುಬೆರಳೂ ಸರಿ. ಕಿರುಬೆರಳಿಗೆ ಬಂದೆ. ಅವಳು ಕಾಯುತ್ತಲೇ ಇದ್ದಳು.

“ಮುಟ್ಟೋ, ಯಾಕ ಸುಮ್ಮನ ನಿಂತಿ?”

“ಮುಟ್ಟೀನಿ ಅಕ್ಕಾ.”

“ಸುಳ್ಳ ಹೇಳಬ್ಯಾಡ.”

ಕಣ್ಣು ತೆರೆದು ನೋಡಿದಳು. ನೂಲು ಅವಳ ಬೆರಳ ಮೇಲೆಯೇ ಇತ್ತು. ನೂಲು ಕಸಿದುಕೊಂಡು ತಾನೇ ಮತ್ತೆ ಮತ್ತೆ ಕಿರುಬೆರಳಿಗೆ ಒತ್ತಿ ನೋಡಿದಳು. ಕೊನೆಗೆ, “ಅಪ್ಪಗ ಹೇಳಬ್ಯಾಡ. ಕೊಂಡಿ ಹಾಕೂದು ಬಿಡಸ್ತಾನ,” ಎಂದಳು. ನಾನು ಹೇಳಲಿಲ್ಲ.

ಆ ಮಚ್ಚೆ ಸೋಡಾದ್ದಲ್ಲ, ಕುಷ್ಠರೋಗದ್ದು. ಔಷಧಿ ಆಗಲೂ ಇತ್ತು. ನಾವು ದವಾಖಾನೆಗೆ ಹೋದದ್ದು ಎರಡು ವರ್ಷದ ಮೇಲೆ, ಬೆರಳುಗಳು ಬಾಗಿದ ಮೇಲೆ. ರೋಗ ಹೋಯಿತು, ಬೆರಳು ನೆಟ್ಟಗಾಗಲಿಲ್ಲ. ಓಣಿಯ ಹೆಂಗಸರು ಅವಳ ಕೈಯಿಂದ ನೀರು ಕುಡಿಯುವುದನ್ನು ಬಿಟ್ಟರು. ಅಪ್ಪ ಮತ್ತೆಂದೂ ನೇಕಾರರ ಕೈಯ ಬಗ್ಗೆ ಜಂಬ ಕೊಚ್ಚಲಿಲ್ಲ. ಗಿಡದ ಹತ್ತಿರ ಅಕ್ಕ ಹೋಗಲೇ ಇಲ್ಲ. ನಾನೇ ನೀರು ಹಾಕಿದೆ. ಅವಳ ಜತನ ನನಗೆ ಬರಲಿಲ್ಲ, ಮುಂದಿನ ಬೇಸಿಗೆಗೆ ಅದು ಒಣಗಿತು.

ಕೊಂಡಿ ಹಾಕಲು ನಾನು ಸಾಲೆ ಬಿಟ್ಟು ಕುಳಿತೆ. ನಾನು ಹಾಕಿದ ಕೊಂಡಿಯಲ್ಲಿ ಇಂದಿಗೂ ಒಬ್ಬರೂ ತಪ್ಪು ಹಿಡಿದಿಲ್ಲ. ಕಲಿಸಿದವಳು ಅಕ್ಕ, ಬರೀ ಬಾಯಿಮಾತಿನಲ್ಲಿ, ಕೈ ಸೆರಗಿನೊಳಗೆ ಮುಚ್ಚಿಟ್ಟುಕೊಂಡು.

ಮಕ್ಕಳೇ, ನಿಮ್ಮ ಕಾಲ ಬೇರೆ. ನಿಮ್ಮ ಸಾಲೆಗೆ ನರ್ಸ್ ಬಂದು ಮೈಮೇಲಿನ ಮಚ್ಚೆ ನೋಡುತ್ತಾರೆ. ಮಾತ್ರೆ ಪುಕ್ಕಟೆ. ಬೇಗ ತೋರಿಸಿದರೆ ಬೆರಳು ಉಳಿಯುತ್ತದೆ. ನೋವಾದರೆ ನೀವು ಓಣಿಗೆಲ್ಲ ಕೇಳುವಂತೆ ಚೀರುತ್ತೀರಿ. ನೋಯಬೇಕಾದಲ್ಲಿ ನೋಯದಿದ್ದರೆ ಅದನ್ನೂ ಹಾಗೆಯೇ ಚೀರಿ ಹೇಳಿ.

ಮೊನ್ನೆ ಮೊಮ್ಮಗಳು ನನಗೆ ಚಹಾ ತಂದಳು. “ಅಜ್ಜಾ, ಸುಡ್ತೈತಿ!” ಎಂದು ಲೋಟ ಕೈಬಿಟ್ಟಳು. ಚಹಾ ಎಲ್ಲ ನನ್ನ ಧೋತರದ ಮೇಲೆ. ಸೊಸೆ ಅವಳನ್ನು ಬೈಯತೊಡಗಿದಳು.

“ಬೈಬ್ಯಾಡವ್ವಾ,” ಎಂದೆ. “ಸುಟ್ಟದ್ದು ತಿಳೀತಲ್ಲ, ಅಷ್ಟ ಸಾಕು.”