ಗಂಗಪ್ಪನ ಕೈ

ಇವತ್ತು ಬೆಳಿಗ್ಗೆ ಬಿಸಿಲಿಗೆ ಕೂತು ಚಪ್ಪಲಿಗೆ ಹರಳೆಣ್ಣೆ ಸವರುತ್ತಿದ್ದೆ. ಒಣಗಿದ ಚರ್ಮ ಎಣ್ಣೆ ಕುಡಿಯುವಾಗ ಒಂದು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರಬೇಕು. ಮನೆಯವರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ನನಗೆ ಮಾತ್ರ ದೊಡ್ಡಬಳ್ಳಾಪುರದ ನೇಕಾರರ ಬೀದಿ ನೆನಪಾಯಿತು, ಎರಡನೇ ಮಹಾಯುದ್ಧದ ಕಾಲ ನೆನಪಾಯಿತು, ಜೀವಮಾನದಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳಬಹುದಾದ ಒಂದೇ ಒಂದು ದಾವೆ ನೆನಪಾಯಿತು.

ಆಗ ನಾನು ಅಲ್ಲಿ ಇಬ್ಬರು ವಕೀಲರು ಸೇರಿ ನಡೆಸುತ್ತಿದ್ದ ಕಚೇರಿಯಲ್ಲಿ ಗುಮಾಸ್ತ. ವಾಸುದೇವರಾಯರು ಇಂಗ್ಲಿಷಿನಲ್ಲಿ ನಿಸ್ಸೀಮರು. ಯಂತ್ರ, ಪೇಟೆಂಟ್ ಎಂದು ಯಾರು ಬಂದರೂ ಅವರ ಮೇಜಿಗೇ. ಕುಂದಾಣದ ಕಡೆಯ ಒಕ್ಕಲು ಮನೆತನದ ಮುನಿವೆಂಕಟಪ್ಪನವರದು ಹೊಲ, ಬದು, ಬಾವಿಯ ವ್ಯಾಜ್ಯಗಳು. ಒಂದು ದಿನ ರಾಯರು ಬೆಂಗಳೂರಿನಲ್ಲಿ ಸ್ವಂತ ಕಚೇರಿ ತೆರೆಯುತ್ತೇನೆಂದು ಹೊರಟರು. ಜಗಳವೇನಿಲ್ಲ, ಕಾಫಿ ಕುಡಿದೇ ಹೋದರು. ಆದರೆ ಅವರ ಪುಸ್ತಕಗಳ ಹಿಂದೆ ಕಕ್ಷಿದಾರರೂ ಹೋದರು. ಉಳಿದದ್ದು ಬದುವಿನ ಜಗಳಗಳು, ನಾನು ಮತ್ತು ಗಂಗಪ್ಪ.

ಗಂಗಪ್ಪ ನೇಕಾರ. ಮಗ್ಗದಲ್ಲಿ ನೂಲು ಹೊತ್ತ ಲಾಳಿ ಓಡಿಹೋಗಿ ಕೊನೆಯ ಪೆಟ್ಟಿಗೆಗೆ ಬಡಿದು ಹಿಂದಕ್ಕೆ ಪುಟಿದರೆ ನೂಲು ಸಡಿಲಾಗಿ ಸಿಕ್ಕಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಅವನು ಮರದ ತುಂಡಿಗೆ ಎಣ್ಣೆ ಕುಡಿಸಿದ ಚರ್ಮ ಕಟ್ಟಿ ಒಂದು ಸಾಧನ ಮಾಡಿದ್ದ. ರಾಯರೇ ಅದಕ್ಕೆ ಪೇಟೆಂಟ್ ಕೊಡಿಸಿದ್ದರು. ಈಗ ಮಗ್ಗದ ಸಾಮಾನು ಮಾರುವ ಸಾಹುಕಾರನೊಬ್ಬ ಅದನ್ನೇ ಮಾಡಿ ಮಾರುತ್ತ, "ಇದು ಹಿಂದಿನ ಕಾಲದಿಂದ್ಲೂ ಇರೋದು, ಗಂಗಪ್ಪ ಯಾವನು?" ಎನ್ನುತ್ತಿದ್ದ. ಅವನ ಮೇಲೆ ದಾವೆ ಹೂಡದೆ ಗತಿಯಿರಲಿಲ್ಲ. ಸೋತರೆ ಪೇಟೆಂಟ್ ರದ್ದು. ಅದಕ್ಕಿಂತ ಹೆಚ್ಚಾಗಿ, ಊರಿನ ಸೊತ್ತನ್ನು ತನ್ನದೆಂದು ಹೇಳಿಕೊಂಡ ಕಳ್ಳನೆಂಬ ಹೆಸರು.

ರಾಯರು ಬೆಂಗಳೂರಿಗೆ ಬಾ ಎಂದು ಹೇಳಿಕಳಿಸಿದರು. ಗಂಗಪ್ಪ ಹೋಗಲಿಲ್ಲ. "ಅವ್ರು ದೊಡ್ಡೋರು ಸ್ವಾಮಿ," ಎಂದ ನಮ್ಮ ಕಚೇರಿಗೆ ಬಂದು. "ಆದ್ರೆ ನಾನೊಂದು ಹೇಳಿದ್ರೆ ಅವ್ರು ಇಂಗ್ಲಿಷಲ್ಲಿ ಏನೋ ಬರ್ಕೋತಾರೆ. ಆಮೇಲೆ ಅದು ನಂದೇನಾ ಅಂತ ನಂಗೇ ಗೊತ್ತಾಗಲ್ಲ."

ಅವನು ಹೋದ ಮೇಲೆ ಮುನಿವೆಂಕಟಪ್ಪನವರು ನನ್ನ ಕಡೆ ತಿರುಗಿದರು. "ಪೇಟೆಂಟು ಗೀಟೆಂಟು ನಂಗೆ ಗೊತ್ತಿಲ್ಲ ಕಣಯ್ಯ. ಆದ್ರೆ ಇದೂ ಬದುವಿನ ಜಗಳಾನೇ. ಎಲ್ಲೀಗಂಟ ಊರಿಂದು, ಎಲ್ಲಿಂದ ಇವನ್ದು, ಅಷ್ಟೇ ತಾನೇ? ಬದು ನೋಡ್ಬೇಕಾದ್ರೆ ಹೊಲಕ್ಕೇ ಹೋಗ್ಬೇಕು."

ಹೋದರು. ಒಂದು ತಿಂಗಳು ದಿನಾ ಸಂಜೆ ಪಂಚೆ ಎತ್ತಿ ಕಟ್ಟಿ, ಗಂಗಪ್ಪನ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತರು. ಅವರು ಕೈಯಿಟ್ಟ ಕಡೆಯೆಲ್ಲ ನೂಲು ಹರಿಯಿತು. ಕೊನೆಗೆ ಗಂಗಪ್ಪನ ಹೆಂಡತಿಯೇ, "ಸ್ವಾಮಿ, ನೀವು ಕೇಸು ಗೆದ್ಕೊಡಿ ಸಾಕು, ಸೀರೆ ನಾವೇ ನೇಯ್ಕೋತೀವಿ" ಎಂದಳು.

ಗಂಗಪ್ಪನ ಹೇಳಿಕೆ ಬರೆಯುವ ಕೆಲಸ ನನ್ನದಾಯಿತು. ಅವನು ಆ ಸಾಧನವನ್ನು ಬೀದಿಯವರೆಲ್ಲ ಅನ್ನುವ ಹಾಗೆ 'ಗಂಗಪ್ಪನ ಕೈ' ಎಂದೇ ಹೇಳಿದ. ನಾನು ರಾಯರ ಗರಡಿಯಲ್ಲಿ ಪಳಗಿದವನು. ಕೋರ್ಟಿಗೆ ಹೋಗುವ ಕಾಗದದಲ್ಲಿ ಇಂಥ ಮಾತೇ ಎಂದು ಅದನ್ನು ಹೊಡೆದುಹಾಕಿ, 'ಲಾಳಿಪ್ರತಿರೋಧಕ ಸಾಧನ' ಎಂದು ದುಂಡಗೆ ಬರೆದೆ. ಮುನಿವೆಂಕಟಪ್ಪನವರು ಓದಿ ಕನ್ನಡಕ ತೆಗೆದರು.

"ಇದ್ಯಾರಯ್ಯ ಇದು? ಈ ಹೆಸ್ರಿನೋರು ನಮ್ಮೂರಲ್ಲಿ ಇಲ್ವಲ್ಲ! ಬೀದೀಲಿ ಏನಂತಾರೋ ಅದನ್ನೇ ಬರಿ."

ಮುಖ ಊದಿಸಿಕೊಂಡು ಮತ್ತೆ ಬರೆದೆ. ರಾಯರಿದ್ದಿದ್ದರೆ ಕಚೇರಿಗೆ ಈ ಗತಿ ಬರುತ್ತಿರಲಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಬೆಂಗಳೂರಿನ ಕೋರ್ಟಿನಲ್ಲಿ ಸಾಹುಕಾರ ಒಬ್ಬ ಮುದಿ ನೇಕಾರನನ್ನು ಸಾಕ್ಷಿಗೆ ತಂದ. ತನ್ನಪ್ಪನೂ ಇದನ್ನೇ ಕಟ್ಟಿಕೊಂಡು ನೇಯುತ್ತಿದ್ದ ಎಂದು ಮುದುಕ ನಿರಾಳವಾಗಿ ಹೇಳಿದ. ಮುನಿವೆಂಕಟಪ್ಪನವರು ಸಾಧನವನ್ನು ಅವನ ಕೈಗೇ ಕೊಟ್ಟರು.

"ಯಜಮಾನ್ರೇ, ಇದಕ್ಕೆ ಏನಂತೀರಾ?"

"ಗಂಗಪ್ಪನ ಕೈ ಅಂತೀವಿ ಸ್ವಾಮಿ."

"ನಿಮ್ಮಪ್ಪಾರು ಏನಂತಿದ್ರು?"

"ಅವ್ರೂ... ಗಂಗಪ್ಪನ ಕೈ ಅಂತ್ಲೇ."

"ಅವ್ರು ತೀರ್ಕೊಂಡು ಎಷ್ಟು ವರ್ಷ ಆಯ್ತು?"

"ಮೂವತ್ತರ ಮೇಲಾಯ್ತು."

"ಗಂಗಪ್ಪ ಅಲ್ಲೇ ನಿಂತವ್ನೆ. ನೋಡಿ ಹೇಳಿ, ಎಷ್ಟು ವಯಸ್ಸಿರಬೌದು?"

ಗಂಗಪ್ಪನಿಗೆ ಇಪ್ಪತ್ತೆಂಟೂ ತುಂಬಿರಲಿಲ್ಲ. ಮುದುಕ ಅವನನ್ನು ನೋಡಿದ, ಕೈಯಲ್ಲಿದ್ದ ಸಾಧನ ನೋಡಿದ, ತಲೆ ತಗ್ಗಿಸಿದ. "ಬೇರೆ ಹೆಸ್ರು ಬಾಯಿಗೆ ಬರ್ಲೇ ಇಲ್ಲ ಸ್ವಾಮಿ" ಎಂದ. ಕೋರ್ಟೆಲ್ಲ ನಕ್ಕಿತು. ನಾನು ನಗಲಿಲ್ಲ, ನಾನು ಕಾಗದದಿಂದ ಹೊಡೆದುಹಾಕಿದ್ದು ಆ ಹೆಸರನ್ನೇ.

ಗೆದ್ದೆವು. ತೀರ್ಪಿನ ನಕಲು ಹಿಡಿದು ಗಂಗಪ್ಪನ ಮನೆಗೆ ಹೋದೆವು. ಪುಟಗಟ್ಟಲೆ ಇಂಗ್ಲಿಷಿನ ನಡುವೆ ನ್ಯಾಯಾಧೀಶರು ಆ ಎರಡು ಕನ್ನಡ ಮಾತುಗಳನ್ನು ಹಾಗೇ ಇಟ್ಟಿದ್ದರು. ಓದು ಬಾರದ ಗಂಗಪ್ಪ, "ಎಲ್ಲೈತೆ ತೋರ್ಸಿ" ಎಂದ. ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳಾಡಿಸಿದ. ಆಮೇಲೆ ಕೇಳಿದ: "ಇದನ್ನ ಮೊದ್ಲು ಕಾಗದಕ್ಕೆ ಹಾಕ್ದೋರು ಯಾರು ಸ್ವಾಮಿ?"

"ಇನ್ಯಾರು, ನಮ್ ಗುಮಾಸ್ತರೇ" ಎಂದರು ಮುನಿವೆಂಕಟಪ್ಪನವರು. ನನ್ನ ಮುಖವನ್ನೂ ನೋಡಲಿಲ್ಲ.

ಗಂಗಪ್ಪ ಎದ್ದು ನನಗೆ ಕೈಮುಗಿದ. ನಾನು ಬಾಯಿ ಬಿಡದೆ ಅದನ್ನು ತೆಗೆದುಕೊಂಡೆ. ಇಷ್ಟು ವರ್ಷ ಹೆಂಡತಿ ಮಕ್ಕಳಿಗೂ ಆ ಹೆಸರು ಬರೆದವನು ನಾನೇ ಎಂದು ಈ ಕಥೆಯನ್ನು ಹೇಳಿಕೊಂಡು ಬಂದಿದ್ದೇನೆ. ಮುನಿವೆಂಕಟಪ್ಪನವರಂಥವರ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ ಎಂಬ ಹೆಮ್ಮೆ ಒಂದೇ ನನಗೆ ಸಾಕು. ಆ ನಮಸ್ಕಾರ ನನ್ನದಲ್ಲ. ಇವತ್ತು ನಿಮ್ಮೆದುರು ಅದನ್ನು ಅವರಿಗೆ ಒಪ್ಪಿಸುತ್ತಿದ್ದೇನೆ.